ಡಬ್ಬಿ ಮರೆತ ದಿನ ಹುಟ್ಟಿದ ಪದ

ಎರಡು ವರ್ಷದ ಹಿಂದಿನ ಮಾತು. ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ ನಾನು ಆಗಲೂ ಗೃಹಿಣಿ, ಈಗಲೂ ಅದೇ. ಈ ಹುದ್ದೆಯಲ್ಲಿ ವರ್ಗಾವಣೆ ಇಲ್ಲ. ಭಾನುವಾರದ ಕೆಲಸವೆಂದರೆ ಮಗಳು ನಿಧಿಗೆ ಡಬ್ಬಿ ಕಟ್ಟಿ, ಅವಳಪ್ಪನ ಜೊತೆ ಹರಿಹರಕ್ಕೆ ಕಳಿಸುವುದು. ಅಲ್ಲಿ ನನ್ನ ನಾದಿನಿ ಗೀತಾ ಇದ್ದಾಳೆ. ನಿಧಿ, ಗೀತಾ ಇಬ್ಬರೂ ಹೊಳೆದಂಡೆಯಲ್ಲಿ ಕೂತು ತಮ್ಮದೇ ಒಂದು ಭಾಷೆ ಕಟ್ಟುತ್ತಿದ್ದರು.

ಲಿಂಬೆಹುಳಿ ಪೆಪ್ಪರಮೆಂಟು ಚೀಪುತ್ತಾ ಹೊಳೆಗೆ 'ಲಿಂಬೊ' ಎಂದು ಹೆಸರಿಟ್ಟರು. ನಾಲೆ ಅದರ ಮರಿ, ಹಾಗಾಗಿ 'ಲಿಂಬಿಟಿ'. ಮರಳ ದಿಬ್ಬದ ಮೇಲೆ ಮಂಡಕ್ಕಿ ತಿಂದದ್ದರಿಂದ ಅದು 'ಮಂಡೊ'; ಬರಬರುತ್ತ ರಸ್ತೆ ಬದಿಯ ಜಲ್ಲಿ ರಾಶಿಯೂ 'ಮಂಡೊ' ಆಯಿತು. ಆ ಮಂಡಕ್ಕಿಗೆ ಒಗ್ಗರಣೆ ಹಾಕಿದವಳು ನಾನು. ಫೋನಿನಲ್ಲಿ ಗೀತಾಳೊಂದಿಗೆ ಆ ಭಾಷೆಯಲ್ಲಿ ನಗುವಾಗ ನಿಧಿಯ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ನನ್ನ ಜೊತೆ ಮಾತಾಡುವಾಗ ಬೀಳುತ್ತಿರಲಿಲ್ಲ.

ಒಂದು ಸಂಜೆ, ಬೇಲದ ಹಣ್ಣಿನಂತೆ ಗುಂಡಗಿರುವ ಗುಡ್ಡಕ್ಕೆ 'ಬೇಲ' ಅನ್ನೋಣವೇ ಎಂದು ನಿಧಿಯನ್ನು ಕೇಳಿದೆ.

"ಹಂಗೆಲ್ಲ ಇಡಂಗಿಲ್ಲಮ್ಮ. ಆ ಜಾಗದಾಗೆ ಕೂತು ಏನಾರ ತಿಂದಿರ್ಬೇಕು. ನೀನ್ ಎಲ್ಲಿ ಕೂತಿದ್ದಿ?"

ಚಿಕ್ಕಂದಿನಲ್ಲಿ, ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದಾಗಲೂ ಇಷ್ಟು ಹೊರಗಿನವಳು ಅನ್ನಿಸಿರಲಿಲ್ಲ.

ಮುಂದಿನ ಭಾನುವಾರ ನಾನೂ ಹೊರಟೆ.

"ಬರ್ರಿ ಅತ್ತಿಗೆ, ಕೂಡ್ರಿ. ಹರಿಹರ ಇಲ್ಲೇ ಐತೆ ಅಂತ ಇವತ್ತು ಗೊತ್ತಾತೇನ್ರಿ?" ಗೀತಾ ನಕ್ಕಳು.

ಬೇಸಿಗೆಗೆ ಹೊಳೆ ಸಣ್ಣಗಾಗಿ, ಅವರೂ ಕಂಡಿರದ ಬಂಡೆಯೊಂದು ಹೊರಬಿದ್ದಿತ್ತು. ಅದಕ್ಕಿನ್ನೂ ಹೆಸರಿರಲಿಲ್ಲ. ಸೀರೆ ಎತ್ತಿಹಿಡಿದು ಬೇಗಬೇಗ ಹೋಗಿ ಮೊದಲು ಕೂತವಳು ನಾನೇ.

"ಡಬ್ಬಿ ತೆಗಿಯಮ್ಮ," ಅಂದಳು ನಿಧಿ.

ಡಬ್ಬಿ ಅಡುಗೆಕಟ್ಟೆಯ ಮೇಲೇ ಉಳಿದಿತ್ತು. ಹೊರಡುವಾಗ ನನ್ನ ಗಮನವೆಲ್ಲ ಸೀರೆಯ ನೆರಿಗೆಯ ಮೇಲಿತ್ತು.

ನಿಧಿ ಬಂಡೆಗೆ ಅಂಗೈ ಒತ್ತಿ ನೋಡಿದಳು. "ತಿನ್ನಾಕೆ ಏನೂ ಸಿಗದ ಜಾಗಕ್ಕೆ ನಮ್ ಹತ್ರ ಪದಾನೇ ಇಲ್ಲತ್ತೆ. ಇದು 'ಉಷೊ'."

ನನ್ನ ಹೆಸರು ಉಷಾ.

"ಬ್ಯಾಡ ಬಿಡು, ಬೇಜಾರ್ ಮಾಡ್ಕೋತಾರೆ," ಎಂದಳು ಗೀತಾ.

"ಇರ್ಲಿ ಬಿಡು ಗೀತಾ," ಎಂದೆ. ಅವಳ ಹೆಸರಿನ ಜಾಗ ಆ ಭಾಷೆಯಲ್ಲಿ ಒಂದೂ ಇಲ್ಲವೆಂಬುದು ಅಷ್ಟರಲ್ಲೇ ಹೊಳೆದಿತ್ತು.

ಈಗ ಬೋಳು ಬಂಡೆ, ಒಣಗಿದ ಕೆರೆ, ಕೊಯ್ಲಾದ ಗದ್ದೆ ಎಲ್ಲವೂ 'ಉಷೊ'. ಕುಕ್ಕುವಾಡದ ಕಡೆ ಬಸ್ಸಿನಲ್ಲಿ ಹೋಗುವಾಗ ನಿಧಿ ಕಿಟಕಿಯಾಚೆ ಬೆರಳು ತೋರಿಸಿ ಆ ಪದ ಹೇಳುತ್ತಾಳೆ; ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಗೃಹಿಣಿಯ ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಡಬ್ಬಿ ಕಟ್ಟಿಕೊಟ್ಟವರ ಹೆಸರು ಯಾವ ಜಾಗಕ್ಕೂ ಬೀಳುವುದಿಲ್ಲ. ಹೋಗಿ ಕೂರಬೇಕು, ಬರಿಗೈಯಲ್ಲಾದರೂ.