ಮಂಜಿನಲ್ಲಿ ಕೂಗುವ ಕೀರ್ತನೆ

ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನಲ್ಲಿ ಬೆಳಗಾಗಿದೆ ಎಂಬುದನ್ನು ಸುಮ್ಮನೆ ನಂಬಬೇಕು. ಮಾಗಿಯ ಮಂಜು ನೀರು, ದಡ, ದೋಣಿಯ ಮೂತಿ ಎಲ್ಲವನ್ನೂ ನುಂಗಿ ಕೂತಿದೆ. ನಡುನೀರಿನಲ್ಲಿ ಅಂಬಿಗ ದಾನಿಯೇಲಪ್ಪ ಹುಟ್ಟು ನಿಲ್ಲಿಸಿ, ಎದೆ ತುಂಬ ಉಸಿರೆಳೆದು, ಬೈಬಲಿನ ನೂರನೆಯ ಕೀರ್ತನೆಯನ್ನು ಕೂಗುತ್ತಾರೆ. ಭೂಮಿಯ ಮೇಲಿರುವವರೆಲ್ಲ ಸಂತೋಷದಿಂದ ದೇವರಿಗೆ ಜಯಕಾರ ಹಾಕಬೇಕಂತೆ. ಸ್ವಲ್ಪ ಹೊತ್ತಿಗೆ ಆಚೆ ದಡದಿಂದ ಹತ್ತಾರು ದನಿಗಳು "ಓ" ಎನ್ನುತ್ತ ತೇಲಿ ಬರುತ್ತವೆ. ದೋಣಿ ಆ ಕಡೆಗೆ ತಿರುಗುತ್ತದೆ. ಓಗೊಟ್ಟವರಲ್ಲಿ ಒಬ್ಬರೂ ಕ್ರೈಸ್ತರಲ್ಲ. ಸಾಗರದ ಬಸ್ಸು ಹಿಡಿಯಲು ದೋಣಿ ಕಾಯುತ್ತಿರುವ ರೈತರು.

ಐವತ್ತು ದಾಟಿದ ದಾನಿಯೇಲಪ್ಪ ಹುಡುಗುತನದಿಂದ ಶರಾವತಿಯ ಕಡವಿನಲ್ಲಿ ದೋಣಿ ನಡೆಸಿದವರು. ಆಗ ಒಂದು ಎಲೆಯಡಿಕೆ ಜಗಿಯುವುದರೊಳಗೆ ದೋಣಿ ಹೊಳೆ ದಾಟುತ್ತಿತ್ತು. ಹತ್ತು ವರ್ಷದ ಹಿಂದೆ, ಅರವತ್ತನಾಲ್ಕನೇ ಇಸವಿಯಲ್ಲಿ, ಅಣೆಕಟ್ಟಿನ ನೀರು ಏರಿತು. ಮನೆ, ಗದ್ದೆ, ಅಪ್ಪ ಕಟ್ಟಿದ ಪುಟ್ಟ ಪ್ರಾರ್ಥನಾಮಂದಿರ ಎಲ್ಲ ಮುಳುಗಿದವು. ಈಗ ಅವುಗಳ ಮೇಲೆಯೇ ದಿನಕ್ಕೆ ಆರು ಸಲ ಜನರನ್ನು ಕೂರಿಸಿಕೊಂಡು ಹೋಗಿ ಬರುತ್ತಾರೆ.

"ಬಿಸ್ಲು ಬಿದ್ದಾಗ ಬಗ್ಗಿ ನೋಡ್ತೀನಿ. ನೀರೇ ಕಾಣ್ತದೆ, ಇನ್ನೆಂತ ಕಾಣ್ತದೆ?" ಎಂದು ನಗುತ್ತಾರೆ. ಆ ನಗು ನೋಡಿದರೆ ಸಂಕಟವಾಗುತ್ತದೆ.

ಕೀರ್ತನೆ ಅವರ ಅವ್ವ ಬಾಯಿಪಾಠ ಮಾಡಿಸಿದ್ದು. ಮಂಜಿನಲ್ಲಿ ಅದನ್ನೇ ಕೂಗಿ, ಬಂದ ದನಿಯ ಕಡೆಗೆ ದೋಣಿ ತಿರುಗಿಸುವುದು ಹಳೆಯ ರೂಢಿ. ಊರು ಮುಳುಗಿದ ಮೇಲೆ ದೇವರ ಮೇಲೆ ಮುನಿಸಿಕೊಂಡು ಕೀರ್ತನೆ ಕೂಗುವುದನ್ನೇ ಬಿಟ್ಟರು. ಮಂಜು ಕವಿದರೆ ಬರೀ "ಹೋಯ್".

ಎಡವಟ್ಟಾದದ್ದು ಅಲ್ಲೇ. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಇನ್ನೊಂದು ದೋಣಿಯ ಕೆರಿಯಪ್ಪನೂ "ಹೋಯ್" ಎಂದ. ಬೇರೆ ದಡದವರು ಅವನಿಗೆ ಓಗೊಟ್ಟದ್ದನ್ನು ಇವರು ತಮಗೇ ಎಂದುಕೊಂಡರು. ದೋಣಿ ಹೋಗಿ ಮುಳುಗಿದ ಕಾಡಿನ ಒಣಮರಗಳ ನಡುವೆ ಸಿಕ್ಕಿತು. ತಳ ಬಿರಿದು ನೀರು ಜಿನುಗತೊಡಗಿತು. ದೋಣಿಯಲ್ಲಿದ್ದ, ಮುಳುಗಿದ ಊರಿನ ನೆರೆಮನೆಯ ಹುಲಿಯಮ್ಮ ಅವರಿಗೆ ರೇಗಿಹೋಯಿತು.

"ನಿನ್ ಮುನಿಸು ಆಮೇಲೆ ಇಟ್ಕ ಮಾರಾಯ! ನಿಮ್ಮವ್ವನ ಹಾಡು ಕೂಗು. ನಮ್ಮೂರೋರು ಆಚೆ ದಡದಾಗೇ ಇದಾರೆ, ಗುರ್ತು ಹಿಡೀತಾರೆ."

ದಾನಿಯೇಲಪ್ಪ ಸಿಟ್ಟಿನಿಂದಲೇ ಕೂಗಿದರು. ಎರಡನೆಯ ಸಾಲಿಗೆ ಬಲಗಡೆಯಿಂದ ಹಳೆಯ ಊರಿನವರ ದನಿ ಬಂತು. ನೀರು ಮೊಗೆಯುತ್ತ, ಹುಟ್ಟು ಹಾಕುತ್ತ ದಡ ಸೇರಿದರು. ಅಂದಿನಿಂದ ಮಂಜು ಕವಿದರೆ ಮತ್ತೆ ಅದೇ ಕೀರ್ತನೆ.

ಈ ಭಾನುವಾರ ಸಾಗರದ ಚರ್ಚಿನಲ್ಲಿ ಕೃತಜ್ಞತೆಯ ಆರಾಧನೆ. ಆ ಕೀರ್ತನೆಯ ಅರ್ಥವನ್ನು ಸಭೆಗೆ ನೀವೇ ಹೇಳಬೇಕೆಂದು ಪಾದ್ರಿಗಳು ಹಿಡಿದ ಪಟ್ಟು ಬಿಡುತ್ತಿಲ್ಲ. ಎರಡು ವರ್ಷ ಇವರು ತಪ್ಪಿಸಿಕೊಂಡಾಯಿತು.

"ನೀರ ಮೇಲೆ ಕೂಗೋದು ಬೇರೆ. ದೇವ್ರ ಎದ್ರು ನಿಂತು ಸ್ತೋತ್ರ, ಉಪಕಾರ ಅಂದ್ರೆ, ಮನಸ್ನಾಗೆ ಇರ್ಬೇಕಲ್ಲ? ಇಲ್ದೆ ಹೇಳಿದ್ರೆ ಸುಳ್ಳಾಗ್ತದೆ."

ಹಾಗಾದರೆ ಈ ಸಲವೂ ಹೋಗುವುದಿಲ್ಲವೇ? ದಾನಿಯೇಲಪ್ಪ ದೋಣಿಯನ್ನು ಗೂಟಕ್ಕೆ ಬಿಗಿದು ಕಟ್ಟುತ್ತಾರೆ.

"ಹೋಗ್ತೀನಿ. ಮನೆ ಮುಳುಗಿದ್ದಕ್ಕೆ ಸ್ತೋತ್ರ ಹೇಳಲ್ಲ, ಅದನ್ನ ಅಲ್ಲೇ ಹೇಳ್ಬಿಡ್ತೀನಿ. ಆವತ್ತು ದೋಣೀಲಿ ಒಂಬತ್ತು ಜನ ಇದ್ರು. ಒಂಬತ್ತೂ ಜನ ಮಧ್ಯಾಹ್ನ ಮನೇಲಿ ಉಂಡ್ರು. ಅದಕ್ಕೆ ಹೇಳ್ತೀನಿ."