ಕೋಟೆಯ ಮಣ್ಣೂ ಹಳದಿ ಹೂವಿನ ಕಂಟಿಯೂ

ನನ್ನ ಸಸಿತೋಟಕ್ಕೆ ಗಿಡ ಒಯ್ಯಲು ಬಂದವರಿಗೆ ನಾನು ಹೇಳುವ ಮಾತು ಒಂದೇ: ಹೂವು ನೋಡಿ ಮರುಳಾಗಬ್ಯಾಡ್ರಿ, ಬೇರು ನೋಡ್ರಿ. ಈ ಬುದ್ಧಿ ನನಗೆ ಬಂದದ್ದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ವರ್ಷ.

ಆಗ ನಾನು ಬುಟ್ಟಿ ಹೊತ್ತು ಬೀದರ, ಭಾಲ್ಕಿ, ಔರಾದ ತಿರುಗಿ ಸೀತಾಫಲ ಮಾರುತ್ತಿದ್ದೆ. ಬೀದರದಲ್ಲಿ ನನ್ನ ಹಳೆಯ ಗಿರಾಕಿ ಒಬ್ಬ ಮುದುಕಿ, ಉರ್ದುವಿನಲ್ಲಿ ಚಿಕ್ಕಮ್ಮ ಎಂಬಂತೆ ಖಾಲಾ ಅನ್ನುತ್ತಿದ್ದೆ. ಆ್ಯಕ್ಷನ್ನಿನ ಗದ್ದಲದಲ್ಲಿ ಅವರ ಮನೆಗೆ ಬೆಂಕಿ ಬಿದ್ದಿತ್ತು, ಹೊರಗೆ ಹೋದ ಗಂಡ ತಿರುಗಿ ಬಂದಿರಲಿಲ್ಲ. ಅಂಗಳದಲ್ಲಿ ಆತ ಹಚ್ಚಿದ್ದ ಹಳದಿ ಹೂವಿನ ಕಂಟಿ ಸುಟ್ಟು, ಒಂದೇ ಟೊಂಗೆ ಹಸಿರುಳಿದಿತ್ತು.

"ಸಂಕ್ರಾಂತಿ ಹೊತ್ತಿಗೆ ಹೈದರಾಬಾದಿಗೆ ಮಗಳ ಮನಿಗಿ ಹೋಗ್ತೇನಿ. ಇದರದೊಂದು ಸಸಿ ಮಾಡಿ ಕೊಡು ಬೇಟಾ. ಅವರದು ಅಂತ ಮತ್ತೇನೂ ಉಳದಿಲ್ಲ."

"ಹೆಸರೇನ್ರಿ ಇದರದು?"

"ಅವರಿಗೇ ಗೊತ್ತಿತ್ತು. ನಾನು ಬರೀ ಹೂವು ಅಂತಿದ್ದೆ."

ಜಾತಿ ತಿಳಿಯದ ಗಿಡಕ್ಕೆ ಕತ್ತಿ ಹಚ್ಚಬಾರದು. ಆ ಟೊಂಗೆಯಿಂದ ಹೂವಿದ್ದ ಒಂದು ಸಣ್ಣ ರೆಂಬೆಯನ್ನಷ್ಟೇ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಔರಾದಕ್ಕೆ ಒಯ್ದೆ. ಸಂತೆಯಲ್ಲಿ ಒಬ್ಬ ತಂಗಡಿ ಅಂದ, ಒಬ್ಬ ಗೋರಂಟಿ ಅಂದ. ಮುಳ್ಳಿಲ್ಲದ ಗೋರಂಟಿ ಎಲ್ಲಿಯದು? ಕಡೆಗೆ ಭಾಲ್ಕಿಯ ಹೂದೋಟದ ಮುದುಕ ಹೂವಿನ ಬುಡದ ಕೊಳವೆ ನೋಡಿ ನಕ್ಕ.

"ಇದು ಮಲ್ಲಿಗಿ ಕುಲದ್ದೋ ತಮ್ಮಾ! ಹಳದಿ ಅಂಗಿ ತೊಟ್ಟಾದ, ಅಷ್ಟ. ಮರಾಠ್ಯಾರು ಸೋನಜಾಯಿ ಅಂತಾರ. ಬೀಜ ಹುಡುಕಬ್ಯಾಡ. ಚಿಗುರೊಡಿಯೋ ಕಣ್ಣಿನ ಕೆಳಗ ಕೊಯ್ದು ಹಗುರ ಮಣ್ಣಿನ್ಯಾಗ ಹಚ್ಚು."

ಅಷ್ಟು ಕೇಳಿಯೂ ನನ್ನ ಶಾಣ್ಯಾತನ ಸುಮ್ಮನಿರಲಿಲ್ಲ. ಬಿದರಿ ಕೆಲಸದವರು ಪಾತ್ರೆ ಕಪ್ಪು ಮಾಡಲು ಕೋಟೆಯ ಮಣ್ಣನ್ನು ಜೋಪಾನ ಮಾಡುತ್ತಾರೆ. ಲೋಹವನ್ನೇ ಬದಲಿಸುವ ಮಣ್ಣು, ಕಡ್ಡಿಗೆ ಜೀವ ಕೊಡದೇ? ಆ ಕೆಲಸದ ಗೆಳೆಯನಿಗೆ ಒಂದು ಬುಟ್ಟಿ ಸೀತಾಫಲ ಕೊಟ್ಟು, ಚೌಕಾಶಿ ಮಾಡಿ ಒಂದು ಗಡಿಗೆ ಮಣ್ಣು ತಂದೆ. ಹಸಿರು ಟೊಂಗೆ ಪೂರ್ತಿ ಕೊಯ್ದು ಆರು ಕಡ್ಡಿ ಮಾಡಿದೆ. ಗಡಿಗೆಯಲ್ಲಿ ಐದು ಹಿಡಿಸಿದವು. ಉಳಿದ ಒಂದನ್ನು, ನೀರಿಡುವ ಒಡಕು ಮಣ್ಣಿನ ಸುರಾಯಿಯಲ್ಲಿ ಕೆಂಪು ಮರಳು ತುಂಬಿ ಚುಚ್ಚಿ, ಮೇಲೆ ಕಂದೀಲಿನ ಗಾಜು ಮುಚ್ಚಿದೆ.

ಎಂಟೇ ದಿನದಲ್ಲಿ ಐದೂ ಕಪ್ಪಗಾದವು.

"ಆ ಮಣ್ಣಿನ್ಯಾಗ ಉಪ್ಪು ಅದನೋ ಹುಚ್ಚಾ!" ಗೆಳೆಯ ಬೈದ. "ಅದರಾಗ ಪಾತ್ರಿ ಹೊಳಿತಾವ, ಗಿಡ ಸಾಯ್ತಾವ."

ಇದ್ದೊಂದು ಹಸಿರು ಟೊಂಗೆ ನಾನು ಕೊಯ್ದದ್ದಕ್ಕೆ ಅಂಗಳದ ಕಂಟಿಯೂ ಬುಡದ ತನಕ ಒಣಗಿತ್ತು. ಖಾಲಾನ ಓಣಿಗೆ ಹೋಗುವುದನ್ನೇ ಬಿಟ್ಟೆ.

ಸುರಾಯಿಯ ಕಡ್ಡಿ ಎಲೆ ಉದುರಿಸಿ ಸುಮ್ಮನೆ ನಿಂತಿತ್ತು. ಒಂದು ಮುಂಜಾನೆ ನೋಡಿದರೆ ಗಾಜಿನೊಳಗೆ ಹಸಿರು ಚುಕ್ಕಿ. ಒಡಕಿನ ಸಂದಿಯಿಂದ ಮರಳು ಸರಿಸಿದೆ. ಬಿಳಿ ಬೇರು, ಕೂಸಿನ ಮೊದಲ ಹಲ್ಲಿನಷ್ಟು. ಬೇರೇ ಇಲ್ಲದ ಕಡ್ಡಿ ಬೇರನ್ನು ಎಲ್ಲಿಂದ ತಂದಿತು? ನಾನು ಕೊಟ್ಟದ್ದು ಮರಳು, ನೀರು, ಮಸಿ ಹಿಡಿದ ಗಾಜು. ಇಂಥ ವ್ಯಾಪಾರ ನಾನು ಕಂಡಿರಲಿಲ್ಲ. ಎಷ್ಟೋ ಹೊತ್ತು ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದೆ.

ಖಾಲಾ ಹೊರಡುವ ದಿನ ಟಾಂಗಾದ ಹತ್ತಿರ ಸುರಾಯಿ ಒಯ್ದೆ. ಸಸಿ ಗೇಣುದ್ದ ಆಗಿತ್ತು.

"ಇದೊಂದೇ ಉಳೀತ್ರಿ. ನನ್ನ ಶಾಣ್ಯಾತನಕ್ಕ ಐದು ಸತ್ತವು, ಕಂಟಿನೂ ಹೋಯ್ತು."

ಅವರು ಬೈಯಲಿಲ್ಲ. ಎಳೆ ಎಲೆಯನ್ನು ಮುಟ್ಟಿ ಮುಟ್ಟಿ ನೋಡಿದರು.

"ನಿನಗೇನು ಕೊಡಲಿ, ಬೇಟಾ?"

ಜೀವಮಾನದಲ್ಲಿ ಮೊದಲ ಸಲ ಬೆಲೆ ಹೇಳದೆ ಸುರಾಯಿಯನ್ನು ಅವರ ಕೈಗಿಟ್ಟೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಉಗುರಿನಿಂದ ಕಣ್ಣಿನ ಕೆಳಗೆ ತುದಿಯ ಚಿಗುರು ಚಿವುಟಿ ನನ್ನ ಅಂಗೈಯಲ್ಲಿಟ್ಟರು.

"ಈಗ ನಿನಗ ಮಣ್ಣು ಗೊತ್ತಾತಲ್ಲ."

ಟಾಂಗಾ ಓಣಿ ದಾಟುವ ಮೊದಲೇ ನಾನು ಆ ಚಿಗುರನ್ನು ಸುತ್ತಲು ರುಮಾಲು ಬಿಚ್ಚಿ ನೀರಲ್ಲಿ ಅದ್ದುತ್ತಿದ್ದೆ.