ಹೆಗಲಿಗಿಂತ ಮೇಲೆ ಎತ್ತಿದ ಕೋಲು

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಮದ್ದೂರಿನಲ್ಲಿ ಹೈಸ್ಕೂಲು ಓದುತ್ತಿದ್ದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹೆಣ್ಣುಮಕ್ಕಳ ದನಿ ಹೊಸಿಲು ದಾಟಬಾರದು ಎನ್ನುವ ಮನೆ ನಮ್ಮದು. ತರಗತಿಯಲ್ಲಿ ಹಾಜರಿ ಕರೆಯುವಾಗಲೂ ಮೇಷ್ಟರು ನನ್ನ ಹೆಸರನ್ನು ಎರಡು ಸಲ ಕೂಗಬೇಕಾಗುತ್ತಿತ್ತು.

ಒಂಬತ್ತನೆಯ ತರಗತಿಗೆ ಬಂದ ವರ್ಷ ಹೊಸ ಡ್ರಿಲ್ ಟೀಚರ್ ಬಂದರು. ವಯಸ್ಸು ಮೂವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನಮ್ಮ ಜೊತೆಗೇ ಓಡುತ್ತಿದ್ದರು. ಮಂಡ್ಯದಲ್ಲಿ ಯಾರೋ ಬೇಡವೆಂದು ಮೂಲೆಗೆಸೆದಿದ್ದ ಹಾಕಿ ಕೋಲುಗಳನ್ನು ಕೇಳಿ ತಂದು, ಬಿರುಕು ಬಿಟ್ಟ ಕಡೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರು. ಹನ್ನೊಂದು ಹುಡುಗಿಯರನ್ನು ಕೂಡಿಸಲು ಮನೆಮನೆ ಹತ್ತಿಳಿದರು. ಲಂಗದಲ್ಲೇ ಆಡಿಸುತ್ತೇನೆ, ದೀಪ ಹಚ್ಚುವ ಮುಂಚೆ ಕಳಿಸುತ್ತೇನೆ ಎಂದು ಮಾತು ಕೊಟ್ಟ ಮೇಲೆ ಅಪ್ಪನೂ ಒಪ್ಪಿದರು.

ನನ್ನನ್ನು ಹಿಂದೆ, ಬ್ಯಾಕ್ ಆಡಲು ನಿಲ್ಲಿಸಿದರು. ಹಿಂದೆ ನಿಂತವಳಿಗೆ ಇಡೀ ಮೈದಾನ ಕಾಣುತ್ತದೆ, ಕಂಡದ್ದನ್ನು ಮುಂದಿನವರಿಗೆ ಕೂಗಿ ಹೇಳಬೇಕು ಎಂದರು. ನನಗೆ ದನಿಯೇ ಏಳಲಿಲ್ಲ. ಒಂದು ವಾರ ಕೋಲು ಕೊಡದೆ ಬರೀ ಕೂಗಿಸಿದರು. ಕೊನೆಗೊಂದು ಸಂಜೆ ‘ಎಡಕ್ಕೆ’ ಎಂದು ನಾನು ಕೂಗಿದ್ದಕ್ಕೆ ರಸ್ತೆಯಲ್ಲಿ ಕಬ್ಬಿನ ಗಾಡಿ ಹೊಡೆದುಕೊಂಡು ಹೋಗುತ್ತಿದ್ದವನು ಹಗ್ಗ ಜಗ್ಗಿ ತಿರುಗಿ ನೋಡಿದ. ಆಮೇಲೆ ತರಗತಿಯಲ್ಲೂ ಎದ್ದು ನಿಂತು ಉತ್ತರ ಹೇಳತೊಡಗಿದೆ.

ಟೀಚರ್ ಎರಡು ಮಾತನ್ನು ದಿನವೂ ಹೇಳುತ್ತಿದ್ದರು. ಕೋಲು ಹೆಗಲಿಗಿಂತ ಮೇಲೆ ಏಳಬಾರದು. ತಪ್ಪು ಮಾಡಿದವಳು ವಿಸಿಲ್ಲಿಗೆ ಕಾಯದೆ ತಾನೇ ಕೈಯೆತ್ತಬೇಕು.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವಳು ಆತಗೂರಿನಿಂದ ಬರುತ್ತಿದ್ದ ನನ್ನ ಗೆಳತಿ. ಒಕ್ಕಲು ಮನೆತನ, ಗದ್ದೆ ಬದುವಿನ ಮೇಲೆ ಓಡಿ ಬೆಳೆದ ಕಾಲು. ಚೆಂಡು ಅವಳ ಕೋಲಿಗೆ ಅಂಟಿಕೊಂಡೇ ಬರುತ್ತಿತ್ತು. ನಗುವುದೂ ಜಾಸ್ತಿ.

ಮಂಡ್ಯದಲ್ಲಿ ಪಂದ್ಯವಿತ್ತು. ಅದಕ್ಕೆ ಒಂದು ವಾರ ಮುಂಚೆ ಅಭ್ಯಾಸದಲ್ಲಿ ಅವಳು ಎದುರು ಗುಂಪಿನಲ್ಲಿದ್ದಳು. ಒಂದರ ಹಿಂದೆ ಒಂದರಂತೆ ಮೂರು ಸಲ ನನ್ನನ್ನು ದಾಟಿಕೊಂಡು ಹೋದಳು. ಹುಡುಗಿಯರೆಲ್ಲ ನಕ್ಕರು, ಅವಳೂ ನಕ್ಕಳು. ನಾಲ್ಕನೆಯ ಸಲ ಬಂದಾಗ ನನ್ನ ಮೈಯೆಲ್ಲ ಉರಿಯುತ್ತಿತ್ತು. ಕೋಲನ್ನು ತಲೆಯ ಮೇಲಕ್ಕೆ ಎತ್ತಿ ಇದ್ದಬದ್ದ ಬಲವೆಲ್ಲ ಹಾಕಿ ಚೆಂಡಿಗೆ ಬೀಸಿದೆ. ಅವಳ ಮುಖಕ್ಕೆ ಗುರಿಯಿಟ್ಟಿರಲಿಲ್ಲ. ಆದರೆ ಹೊಡೆದದ್ದು ಸಿಟ್ಟಿನಿಂದ, ಅದು ನನಗೆ ಗೊತ್ತು.

ಚೆಂಡು ಅವಳ ಬಾಯಿಗೆ ಬಡಿಯಿತು. ಮುಂದಿನ ಎರಡು ಹಲ್ಲು ಹೋದವು. ಐದಾರು ಜನ ಒಂದೇ ಕಡೆ ನುಗ್ಗಿದ್ದರಿಂದ, ದೂಳಿನಲ್ಲಿ ಹೊಡೆದವರು ಯಾರೆಂದು ಉಳಿದವರಿಗೆ ಕಾಣಲಿಲ್ಲ. ಟೀಚರ್ ಓಡಿಬಂದು ತಮ್ಮ ಸೆರಗನ್ನು ಅವಳ ಬಾಯಿಗೆ ಒತ್ತಿ, ಎತ್ತಿಕೊಂಡು ಜಟಕಾ ಹತ್ತಿಸಿ ಆಸ್ಪತ್ರೆಗೆ ಒಯ್ದರು. ನಾನು ಕೋಲು ಹಿಡಿದು ನಿಂತಲ್ಲೇ ನಿಂತಿದ್ದೆ.

ಮಾರನೆಯ ದಿನ ಅವಳ ತಾಯಿ ಶಾಲೆಗೆ ಬಂದರು. ಹೆಡ್‌ಮಾಸ್ತರು ನಮ್ಮನ್ನೆಲ್ಲ ಅವರ ಎದುರು ಸಾಲಾಗಿ ನಿಲ್ಲಿಸಿದರು.

“ನನ್ ಮಗಳ ಬಾಯ್ಗೆ ಒಡ್ದೋರು ಯಾರು? ಅದೊಂದು ಯೋಳ್ಬುಡಿ” ಎಂದರು ಆ ತಾಯಿ.

ಟೀಚರ್ ನಮ್ಮ ಮುಖಗಳನ್ನು ನೋಡುತ್ತ ಬಂದರು. ನನ್ನ ಹತ್ತಿರ ಅವರ ಕಣ್ಣು ನಿಂತಿತು. ನಾನು ತಲೆ ತಗ್ಗಿಸಿದೆ. ಅವರು ತಿರುಗಿ, “ತಪ್ಪು ನಂದಮ್ಮ. ಊದಬೇಕಾದ ಹೊತ್ತಲ್ಲಿ ನಾನು ವಿಸಿಲ್ ಊದಲಿಲ್ಲ” ಎಂದರು.

ಆ ತಾಯಿ ಅವರನ್ನು ಬಾಯಿಗೆ ಬಂದಂತೆ ಅಂದರು. ಮದುವೆ ಮಕ್ಕಳಿಲ್ಲದವಳಿಗೆ ಹೆತ್ತ ಹೊಟ್ಟೆಯ ಸಂಕಟ ಏನು ತಿಳಿದೀತು ಎಂದೂ ಅಂದರು. ಟೀಚರ್ ಕೈಕಟ್ಟಿ ಕೇಳಿಸಿಕೊಂಡರು. ಹೆಡ್‌ಮಾಸ್ತರು ಕೋಲುಗಳನ್ನು ಒಂದು ಕೋಣೆಯಲ್ಲಿ ಹಾಕಿ ಬೀಗ ಜಡಿದರು. ಮಂಡ್ಯಕ್ಕೆ ನಾವು ಹೋಗಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಟೀಚರಿಗೆ ಮಳವಳ್ಳಿಗೆ ವರ್ಗವಾಯಿತು. ಹೋಗುವ ದಿನ ಎಲ್ಲ ಹುಡುಗಿಯರ ತಲೆ ಸವರಿದರು, ನನ್ನದನ್ನೂ.

ಮತ್ತೆ ನನ್ನ ದನಿ ಹೂತುಹೋಯಿತು. ಅನ್ನ ಸೇರಲಿಲ್ಲ. ಮೂರನೆಯ ತಿಂಗಳು ಒಂದು ಭಾನುವಾರ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಅವರು ಅಂಗಿ ತೊಟ್ಟು ನನ್ನನ್ನು ಆತಗೂರಿಗೆ ಕರೆದುಕೊಂಡು ಹೋದರು.

ಗೆಳತಿಯ ತಾಯಿ ಜಗುಲಿಯ ಮೇಲೆ ರಾಗಿ ಕೇರುತ್ತಿದ್ದರು. ಹೊಡೆದದ್ದು ನಾನು ಎಂದೆ. ಮೊರ ಕೆಳಗಿಟ್ಟರು. ಬಯ್ಯುತ್ತಾರೆಂದು ಕಾದೆ.

“ಆ ಟೀಚರಮ್ಮುಂಗೆ ಏನೇನೋ ಅಂದ್ಬುಟ್ನಲ್ಲವ್ವ” ಎಂದರು. “ಈಗ ಅದ್ನ ಎಂಗೆ ವಾಪಸ್ ಈಸ್ಕಳ್ಳಿ?”

ಗೆಳತಿ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿದಳು. ದಾವಣಿಯ ತುದಿ ಬಾಯಿಗೆ ಅಡ್ಡ ಹಿಡಿದಿದ್ದಳು.

“ನೀನು ಕೋಲೆತ್ತಿದ್ನ ಅವತ್ತೇ ಕಂಡಿವ್ನಿ ಕಣಮ್ಮಿ, ಅವ್ವುಂಗೂ ಯೋಳ್ನಿಲ್ಲ. ಅಲ್ಲು ಓದ್ರೆ ಓಯ್ತು ಬುಡು. ಮೂರ್ ತಿಂಗ್ಳಲ್ಲಿ ಒಂದ್ಸತಿನಾದ್ರೂ ನೋಡಾಕೆ ಬರ್ನಿಲ್ವಲ್ಲ ನೀನು” ಎಂದಳು.

ಬಸ್ಸಿನಲ್ಲಿ ಹುಡುಗರು ಬಾಯಿ ನೋಡಿ ನಗುತ್ತಾರೆಂದು ಅವಳು ಶಾಲೆ ಬಿಟ್ಟಿದ್ದಳು. ಓದಿದ್ದು ಸಾಕು ಎಂದು ಅವಳ ತಂದೆಯೂ ಹೇಳಿಯಾಗಿತ್ತು.

ಮುಂದಿನ ವಾರ ಅಪ್ಪ ನನ್ನನ್ನು ಮಳವಳ್ಳಿಗೂ ಕರೆದೊಯ್ದರು. ಅಲ್ಲಿಯ ಶಾಲೆಗೆ ಮೈದಾನವಿರಲಿಲ್ಲ. ಟೀಚರ್ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಅವಳು ಶಾಲೆಗೆ ಬರುತ್ತಿದ್ದಾಳೆಯೇ ಎಂದು ಕೇಳಿದರು. ಇಲ್ಲ ಎಂದೆ. ಕಿಟಕಿಯ ಕಡೆ ನೋಡಿದರು.

“ನಿನ್ನನ್ನ ಉಳಿಸ್ತೀನಿ ಅಂದ್ಕೊಂಡು ನಾನು ಮುಂದೆ ಬಿದ್ದೆ. ಹೇಳೋ ಹೊತ್ತನ್ನೇ ನಿನ್ನಿಂದ ಕಿತ್ಕೊಂಡ ಹಾಗಾಯ್ತು. ನಿನಗೂ ಒಳ್ಳೇದಾಗಲಿಲ್ಲ, ಅವಳಿಗೂ ಆಗಲಿಲ್ಲ” ಎಂದರು. ಬಸ್‌ಸ್ಟ್ಯಾಂಡಿನವರೆಗೆ ನಮ್ಮ ಜೊತೆ ನಡೆದು ಬಂದರು. ದಾರಿಯಲ್ಲಿ ಆಟದ ಮಾತು ಬರಲಿಲ್ಲ.

ಆಮೇಲೆ ನಾನು ಹೇಗೋ ಮಾತಾಡುವವಳಾದೆ. ತಪ್ಪಾದಾಗ ಆ ಕ್ಷಣದಲ್ಲೇ ಒಪ್ಪಿಕೊಳ್ಳುವುದನ್ನು ರೂಢಿಸಿಕೊಂಡೆ. ನೌಕರಿಯಲ್ಲಿ ಅದರಿಂದ ಪೆಟ್ಟೂ ತಿಂದೆ. ಕಲಿಸಿದ್ದು ಆ ಮೈದಾನವೇ. ಅದಕ್ಕೆ ಬೆಲೆ ತೆತ್ತವರು ಮಾತ್ರ ಬೇರೆಯವರು.

ಆ ವರ್ಷ ಕೆಲವು ಭಾನುವಾರ ಪಾಠದ ಪುಸ್ತಕ ಹಿಡಿದು ಆತಗೂರಿಗೆ ಹೋದೆ, ಅವಳು ಮನೆಯಲ್ಲೇ ಓದಿ ಪರೀಕ್ಷೆಗೆ ಕೂರಲಿ ಎಂದು. ಬರಬೇಡ ಎಂದು ಗೆಳತಿ ಒಮ್ಮೆಯೂ ಹೇಳಲಿಲ್ಲ. ನಾನು ಹೋದಾಗಲೆಲ್ಲ ಅವಳು ಗದ್ದೆಯಲ್ಲಿರುತ್ತಿದ್ದಳು. ಕೊನೆಯ ಸಲ ಕತ್ತಲಾಗುವವರೆಗೂ ಜಗುಲಿಯ ಮೇಲೆ ಕಾದು, ಪುಸ್ತಕಗಳನ್ನು ಅವಳ ತಾಯಿಯ ಕೈಗೆ ಕೊಟ್ಟು ಕಡೆಯ ಬಸ್ಸು ಹಿಡಿದೆ.